ಚಂದ್ರವ್ವ ಹಾಕದ ಬಾಗಿಲು

ತಾಲೀಮಿನ ನಡುವೆ ಚಂದ್ರವ್ವ ಬಾಗಿಲ ಮೇಲೆ ಕೈಯಿಟ್ಟು ನಿಂತುಬಿಟ್ಟಳು. ನಾಟಕದಲ್ಲಿ ಅವಳು ತಾಯಿ. ಸಿನಿಮಾ ಮಾಡಲೆಂದು ಮನೆ ಬಿಟ್ಟು, ವರ್ಷಗಳ ಮೇಲೆ ಮರಳಿದ ಮಗಳ ಮುಖಕ್ಕೆ ಬಾಗಿಲು ಹಾಕಬೇಕಿತ್ತು. ಸ್ಪೇನಿನ ನಿರ್ದೇಶಕಿ ಇನೆಸ್ ಬರೆದದ್ದು ತನ್ನದೇ ಕಥೆ. ಹಾಗೆ ಮುಚ್ಚಿದ ಬಾಗಿಲು ಮತ್ತೆ ತೆರೆಯುವ ಮೊದಲೇ ಅವಳ ತಾಯಿ ತೀರಿಕೊಂಡಿದ್ದಳು.

“ಬಾಗಿಲಾ ಹಾಕಾಕ ಕೈ ಬರವಲ್ದ್ರೀ. ಮಗಳು ಉಂಡಾಳೋ ಇಲ್ಲೋ, ಮೊದ್ಲ ಕೇಳಬೇಕಲ್ರೀ,” ಎಂದಳು ಚಂದ್ರವ್ವ. ಅನುವಾದಕಿ ದಿವ್ಯ ಅದನ್ನು ಮೆಲುದನಿಯಲ್ಲಿ ಇನೆಸಳಿಗೆ ತಿಳಿಸಿದಳು.

ಮತ್ತಿಕೆರೆಯ ಆ ಪುಟ್ಟ ಸಭಾಂಗಣ ಮಧ್ಯಾಹ್ನದ ಬಿಸಿಲಲ್ಲಿ ತೇಲಿ, ಇನೆಸಳ ಕಣ್ಣಿಗೆ ಕಡಲತೀರದ ತನ್ನ ಮನೆಯೇ ಆಗತೊಡಗಿತು. ಇಪ್ಪತ್ತು ವರ್ಷ ನಟರಿಗೆ ಎಲ್ಲಿ ನಿಲ್ಲಬೇಕೆಂದು ಹೇಳಿಕೊಟ್ಟವಳು, ಮಗಳ ಪಾತ್ರದವಳನ್ನು ಪಕ್ಕಕ್ಕೆ ಕಳಿಸಿ ತಾನೇ ಹೊಸ್ತಿಲಾಚೆ ಹೋಗಿ ನಿಂತಳು.

ಚಂದ್ರವ್ವ ಅವಳ ಗಲ್ಲ ಮುಟ್ಟಿದಳು. “ಉಂಡೀಯೇನ ಯವ್ವಾ?”

ಈ ಸಲ ದಿವ್ಯ ಅನುವಾದಿಸಬೇಕಾಗಲಿಲ್ಲ. ಇಲ್ಲವೆಂದು ತಲೆಯಾಡಿಸಿ, ಇನೆಸ್ ಒಳಗೆ ಬಂದಳು.