ಬಾಲಕ್ಕೆ ಕಟ್ಟಿದ ಮಾತು

“ಎಲ್ಲಿ ಕಲಿತಿದ್ದು?”

ಅವಳು ಲಾಗ್‌ಬುಕ್ ಬಿಚ್ಚಿ ಮುಂದಿಟ್ಟಳು. ಮಾಲೀಕ ಅದರತ್ತ ಕಣ್ಣು ಹಾಯಿಸಲೂ ಇಲ್ಲ. ಕಾರಿನ ಕೀಲಿಯಿಂದ ಕಿವಿ ಕೆರೆದು, ತುದಿಗೆ ಬಂದದ್ದನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ಅದನ್ನೇ ಕೇಳಿದ.

ತಾನು ಕಲಿತ ಪೈಲಟ್ ಶಾಲೆಯ ಹೆಸರು ಹೇಳುವಾಗ ಅವಳ ಬಾಯಿ ಕಹಿಯಾಯಿತು. ಹತ್ತು ತಿಂಗಳಲ್ಲಿ ಹದಿನಾಲ್ಕು ಕಚೇರಿಗಳು. ಆ ಹೆಸರು ಕೇಳಿ ಮುಖ ಸಿಂಡರಿಸದವರಿಲ್ಲ. ಮುಖ ಸಿಂಡರಿಸಿದ ಮೇಲೆ ಒಂದೇ ಮಾತು: ಇನ್ನೂರು ಗಂಟೆ ಹಾರಾಟ ಸಾಲದು, ಐನೂರಾದ ಮೇಲೆ ಬನ್ನಿ. ಯಾರೂ ಕೆಲಸ ಕೊಡದಿದ್ದರೆ ಐನೂರು ಹೇಗಾಗಬೇಕೆಂದು ಯಾರೂ ಹೇಳಲಿಲ್ಲ.

ಈತನ ಮುಖ ಮಾತ್ರ ಅರಳಿತು. “ನಾಳೆಯಿಂದ ಬನ್ನಿ.”

ಪಕ್ಕದ ಕುರ್ಚಿಯ ಗಡ್ಡದವನಿಗೆ ಆರುನೂರು ಗಂಟೆಯ ಅನುಭವವಿತ್ತು. “ಸಾರ್, ನಾನು ಓದಿದ್ದು ಬೇರೆ ಸ್ಕೂಲು, ಆದ್ರೆ...”

“ಅದಕ್ಕೇ ಬೇಡ,” ಎಂದ ಮಾಲೀಕ, ಫೋನೆತ್ತಿಕೊಂಡು. “ಹಲೋ, ಒಬ್ಬರು ಸಿಕ್ಕರು. ಅಕ್ಷರ ಜೋಡಿಸೋಕೆ ಹೇಳ್ತೀನಿ.”

ಗಡ್ಡದವ ಎದ್ದು ಹೋಗುವಾಗ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಯಾರ ಕಡೆಯವಳೋ ಎಂಬ ನೋಟ. ಅವಳಿಗೆ ಮೈಯೆಲ್ಲ ಅಂಟಂಟಾದಂತಾಯಿತು.

ಕೆಲಸ ಇಷ್ಟೇ: ಉದ್ದನೆಯ ಜಾಹೀರಾತು ಪಟ್ಟಿಯನ್ನು ವಿಮಾನದ ಬಾಲಕ್ಕೆ ಕಟ್ಟಿಕೊಂಡು ಊರ ಮೇಲೆ ಸುತ್ತುವುದು. ಶೆಡ್ಡಿನಲ್ಲಿ ಇಲಿ ಹಿಕ್ಕೆಯ ನಾತ. ವಿಮಾನದ ಸೀಟಿನ ಸ್ಪಂಜು ಹೊರಬಂದು ಎಷ್ಟು ಜನರ ಬೆವರು ಕುಡಿದಿತ್ತೋ. ಇಡೀ ಜಾಗದಲ್ಲಿ ಶುಭ್ರವಾಗಿದ್ದದ್ದು ಗೋಡೆಯ ಫಲಕ ಒಂದೇ: ‘ಸುಳ್ಳು ಜಾಹೀರಾತು ಎಳೆಯುವುದಿಲ್ಲ. ಪುರಾವೆ ಕಡ್ಡಾಯ.’

“ಒಂದ್ಸಲ ಕೋರ್ಟು ಕಚೇರಿ ಅಲೆದು ಚಪ್ಪಲಿ ಸವೆಸಿದೀನಮ್ಮ,” ಎಂದ ಮಾಲೀಕ. “ಈಗ ನಿಜ ಇದ್ರೆ ಮಾತ್ರ.”

ಪರವಾಗಿಲ್ಲ, ಈ ದಂಧೆಯಲ್ಲಿ ನಿಯತ್ತಿನವ ಒಬ್ಬನಾದರೂ ಇದ್ದಾನೆ ಎಂದುಕೊಂಡಳು.

ಅವಳು ಕಲಿತ ಶಾಲೆಯ ಗೇಟಿನ ಮೇಲೆ ‘ಕಲಿತರೆ ಕೆಲಸ ಖಚಿತ’ ಎಂದು ಆಳೆತ್ತರ ಬರೆಸಿದ್ದರು. ಒಳಗೆ ಗೋಡೆ ತುಂಬ ‘ಕೆಲಸ ಸಿಕ್ಕವರ’ ಫೋಟೋಗಳು. ಲೈಸೆನ್ಸು ಬಂದ ದಿನವೇ ಅವಳ ಫೋಟೋವನ್ನೂ ತೆಗೆದಿದ್ದರು. ಫೋಟೋಗೆ ಎಲ್ಲರಿಗೂ ತೊಡಿಸುತ್ತಿದ್ದದ್ದು ಅದೇ ಒಂದು ಸಮವಸ್ತ್ರ. ದೊಗಳೆಯಾದರೆ ಬೆನ್ನಿಗೆ ಪಿನ್ನು. ಆಮೇಲೆ ಅವಳು ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೋದಳು. ಒಬ್ಬ ಮೊಬೈಲ್ ಅಂಗಡಿಯಲ್ಲಿದ್ದ, ಇನ್ನೊಬ್ಬಳು ಶಿಶುವಿಹಾರದಲ್ಲಿ. ಮೂರನೆಯವನು ಪ್ರಾಂಶುಪಾಲರ ಬಾಮೈದ. ವಿಮಾನದ ಮೆಟ್ಟಿಲನ್ನೂ ಹತ್ತಿದವನಲ್ಲ.

ಪ್ರಾಂಶುಪಾಲರಿಗೆ ಹುಡುಗರು ಇಟ್ಟ ಹೆಸರು ನಗುಮುಖ. ಹೋದ ತಿಂಗಳು ಅವಳು ಅವರ ಮೇಜು ಗುದ್ದಿ ಕೂಗಾಡಿ ಬಂದಿದ್ದಳು. “ನನ್ನ ಫೋಟೋ ಕಿತ್ತುಹಾಕಿ ಸಾರ್, ಅಸಹ್ಯ ಆಗುತ್ತೆ. ನಿಮ್ಮಲ್ಲಿ ಕಲಿತು ಕೆಲಸ ಸಿಕ್ಕವರು ಒಬ್ಬರು, ಒಬ್ಬರನ್ನ ತೋರಿಸಿ!”

ನಗುಮುಖ ನಕ್ಕಿತ್ತು. “ತೋರಿಸೋಣಮ್ಮ. ಸ್ವಲ್ಪ ಟೈಮ್ ಕೊಡು.”

ಅವಳ ಸಿಟ್ಟಿಗೆ ಇನ್ನೂ ಒಂದು ಕಾರಣವಿತ್ತು. ತಂಗಿಯ ಬ್ಯಾಗಿನಲ್ಲಿ ಅದೇ ಶಾಲೆಯ ಅರ್ಜಿ ಫಾರಂ ಇತ್ತು. ತುಂಬಿ, ಅಪ್ಪನ ಸಹಿಯೂ ಆಗಿತ್ತು.

“ನಿನಗೆ ಸಿಗಲಿಲ್ಲ ಅಂತ ನನಗೂ ಸಿಗಬಾರ್ದೇನೇ ಅಕ್ಕ?”

“ಅಲ್ಲಿ ಯಾರಿಗೂ ಸಿಕ್ಕಿಲ್ಲ ಕಣೇ. ಎರಡು ವರ್ಷ ಮಣ್ಣುಪಾಲು ಮಾಡ್ಕೋಬೇಡ.”

ಮೂರು ದಿನ ಮಾತು ಬಿಟ್ಟ ಮೇಲೆ ತಂಗಿಯೇ ಸೋತಿದ್ದಳು. “ಆಯ್ತಮ್ಮ ತಾಯಿ. ನೀನಾಗಿ ‘ಸೇರು’ ಅನ್ನೋವರೆಗೂ ಸೇರಲ್ಲ. ಸಾಕಾ?”

“ಈ ಜನ್ಮದಲ್ಲಿ ಅನ್ನಲ್ಲ ಬಿಡು.”

ಹೊಸ ಕೆಲಸದಲ್ಲಿ ಮೂರು ದಿನ ಹರಕು ಪಟ್ಟಿ ಎಳೆದು ಅಭ್ಯಾಸವಾಯಿತು. ನಾಲ್ಕನೆಯ ದಿನ ನಿಜವಾದ ಹಾರಾಟ. ಆ ಶಾಲೆಗೆ ಅರ್ಜಿ ಕೊಡಲು ಅದೇ ಕೊನೆಯ ದಿನವಾಗಿತ್ತು; ಸಂಜೆ ಐದಾದರೆ ಆ ಪೀಡೆ ಈ ವರ್ಷಕ್ಕೆ ತೊಲಗುತ್ತಿತ್ತು. ಮನೆ ಬಿಡುವಾಗ ತಂಗಿಗೆ ಹೇಳಿದಳು: “ನಾಲ್ಕು ಗಂಟೆಗೆ ಕಾಲೇಜು ಬಿಟ್ಟಾಗ ಮೇಲೆ ನೋಡು. ಅದು ನಾನೇ.”

ಬಯಲಿನ ಆ ತುದಿಯಲ್ಲಿ ಅಕ್ಷರಗಳು ಹುಲ್ಲಿನ ಮೇಲೆ ಬೋರಲಾಗಿ ಬಿದ್ದಿದ್ದವು. ಅವನ್ನು ಕೋಲಿಗೆ ಪೋಣಿಸುವ ಮುದುಕನನ್ನು ಎಲ್ಲರೂ ಅಕ್ಷರದಜ್ಜ ಎನ್ನುತ್ತಿದ್ದರು.

“ಇವತ್ತು ಏನು ಬರೆದಿದೆ ಅಜ್ಜಾ?” ಕಾಕ್‌ಪಿಟ್‌ನಿಂದ ಕೂಗಿದಳು.

“ಪಟ್ಟಿ ಎಳೆಯೋರು ಓದಬಾರ್ದು ಕಣಮ್ಮ! ಮೂಲವ್ಯಾಧಿ ಮುಲಾಮು ಎಳೆದೋನು ಎರಡು ದಿನ ಊಟ ಬಿಟ್ಟಿದ್ದ!”

ಮೇಲೇರಿ, ಸುತ್ತು ಹಾಕಿ, ಎರಡು ಕಂಬಗಳ ನಡುವೆ ಬಿಗಿದ ಪಟ್ಟಿಯ ಹಗ್ಗದತ್ತ ಇಳಿದಳು. ಬಾಲದ ಕೊಕ್ಕೆ ಹಗ್ಗಕ್ಕೆ ಸಿಕ್ಕಿತು. ಮೂತಿ ಎತ್ತಿದಳು. ವಿಮಾನವನ್ನು ಯಾರೋ ಹಿಂದಿನಿಂದ ಜಗ್ಗಿದಂತಾಯಿತು. ಪಟ್ಟಿ ನೆಲ ಬಿಟ್ಟಿತ್ತು. ಹಿಂದೆ ಬರುವುದನ್ನು ಹಾರಿಸುವವರು ಕಾಣಲಾರರು. ಭಾರ ಮಾತ್ರ ತಿಳಿಯುತ್ತದೆ.

ಮಾಲೀಕ ಗುರುತು ಹಾಕಿಕೊಟ್ಟಂತೆ ಕಾಲೇಜುಗಳ ಮೇಲೆ ಮೂರು ಸುತ್ತು. ಮೂರನೆಯದು ತಂಗಿಯ ಕಾಲೇಜಿನ ಮೇಲೆ. ಕೆಳಗೆ ಅಂಗಳ ತುಂಬ ಚುಕ್ಕೆಗಳು ನಿಂತುಬಿಟ್ಟವು. ಕೈ ಬೀಸುತ್ತಿದ್ದವು. ಹತ್ತು ತಿಂಗಳಿಂದ ಗಂಟಲಲ್ಲಿ ಕೂತಿದ್ದ ಹೇಸಿಗೆ ಮೊದಲ ಸಲ ಕೆಳಗಿಳಿಯಿತು.

ಪಟ್ಟಿಯನ್ನು ಬಯಲಿಗೆ ಉದುರಿಸಿ, ವಿಮಾನ ಇಳಿಸಿ, ಫೋನ್ ತೆಗೆದಳು. ಗಂಟೆ ಐದೂಕಾಲು. ತಂಗಿಯ ಸಂದೇಶ ಬಂದಿತ್ತು.

‘ನೋಡ್ದೆ ಅಕ್ಕಾ!! ನೀನೇ ಹೇಳಿದ ಮೇಲೆ ಇನ್ನೇನು. ಓಡಿಹೋಗಿ ಫಾರಂ ಕೊಟ್ಟೆ, ಅಡ್ಮಿಶನ್ ಆಯ್ತು. ನಗುಮುಖ ಸರ್ ನಿನಗೆ ಥ್ಯಾಂಕ್ಸ್ ಹೇಳಿದ್ರು.’

ಅವಳು ಬಯಲಿನ ತುದಿಯವರೆಗೂ ಓಡಿದಳು. ಪಟ್ಟಿ ಈ ಸಲ ಅಂಗಾತ ಬಿದ್ದಿತ್ತು.

‘ಈ ವಿಮಾನ ಹಾರಿಸುತ್ತಿರುವವಳು ನಮ್ಮಲ್ಲೇ ಕಲಿತವಳು. ಕಲಿತರೆ ಕೆಲಸ ಖಚಿತ. ಇಂದೇ ಸೇರಿ.’