ಹಿಡಿ ಮಣ್ಣು

ರೈಲು ಹಳಿಯ ಮೇಲೆ ಸಿಕ್ಕ ಹೆಣಕ್ಕೆ ಮುಖವೇ ಉಳಿದಿರಲಿಲ್ಲ. ತಾನು ಹೆಣೆದ ಹಸಿರು ಸ್ವೆಟರ್ ನೋಡಿ, ಜಗಳವಾಡಿ ಮನೆ ಬಿಟ್ಟುಹೋಗಿದ್ದ ಗಂಡನೇ ಎಂದು ರೆಜಿನಮ್ಮ ಗುರುತು ಹಿಡಿದಿದ್ದಳು. ಅಂದಿನಿಂದ ಪ್ರತಿ ಕ್ರಿಸ್‌ಮಸ್‌ಗೆ ಅದೇ ಬಣ್ಣ, ಅದೇ ಹೆಣಿಗೆಯ ಸ್ವೆಟರುಗಳನ್ನು ಹೆಣೆದು, ಚರ್ಚಿನವರ ಜೊತೆ ಹೋಗಿ ಬೀದಿಯಲ್ಲಿ ಮಲಗುವವರಿಗೆ ಹಂಚುತ್ತಿದ್ದಳು.

ಈ ಸಲ ಬಸ್ ಸ್ಟ್ಯಾಂಡಿನ ಮುದುಕನೊಬ್ಬ ಸ್ವೆಟರನ್ನು ಮುಟ್ಟಿದವನೇ ಕೈ ಹಿಂದಕ್ಕೆಳೆದುಕೊಂಡ.

“ಇದು ಬ್ಯಾಡ ತಾಯಿ. ನಮ್ ಜೊತೆ ಮಲಗ್ತಿದ್ದ ಮೂಗ ಇಂಥದ್ದೇ ಹಾಕ್ಕೊಂಡು ರೈಲಿಗೆ ಸಿಕ್ಕಿ ಸತ್ತ.”

ರೆಜಿನಮ್ಮ ಅವನೆದುರು ಕುಕ್ಕರಿಸಿದಳು. “ಮೂಗನಾ? ಅವನಿಗೆ ಅದನ್ನ ಯಾರು ಕೊಟ್ಟಿದ್ರು ತಾತ?”

“ಹೊಸದಾಗಿ ಬಂದಿದ್ದೋನೊಬ್ಬ. ಮೂಗ ಚಳೀಲಿ ನಡುಗೋದು ನೋಡ್ಲಾರದೆ ತನ್ನ ಮೈಮೇಲಿದ್ದದ್ದನ್ನೇ ಬಿಚ್ಚಿ ಕೊಟ್ಟ. ಆಮೇಲೆ ನಿಮ್ ಚರ್ಚಿನೋರು ಆ ಮೂಗನನ್ನ ಪೆಟ್ಟಿಗೇಲಿಟ್ಟು, ಹೂ ಹಾಕಿ, ಚೆನ್ನಾಗೇ ಮಣ್ಣು ಮಾಡಿದ್ರು. ನಾನೂ ಹೋಗಿದ್ದೆ. ಯಾರೋ ಹೆಂಗಸು ಬಿಕ್ಕಿ ಬಿಕ್ಕಿ ಅಳ್ತಿದ್ಲು.”

“ಸ್ವೆಟರ್ ಕೊಟ್ಟೋನು?”

“ಅವನೂ ಬಂದಿದ್ದ. ತಲೆ ಮೇಲೆ ಟವಲ್ ಹೊದ್ದು, ಆ ಹೆಂಗಸಿನ ಹಿಂದೇನೇ ನಿಂತು, ಗುಂಡಿಗೆ ಒಂದು ಹಿಡಿ ಮಣ್ಣು ಹಾಕಿ ಹೋದ.”