ಕೊನೆಯವರೆಗೂ ಚೀಪಿದ ಪೆಪ್ಪರ್‌ಮಿಂಟು

ಶಿಶುವಿಹಾರದ ಗೇಟಿನಲ್ಲಿ ಆಯಾ ಗೌರಮ್ಮ ಎಂದಿನಂತೆ ಇಂಚರಾಳ ದಿನವನ್ನು ಅವಳ ಅಮ್ಮ ನಳಿನಾಕ್ಷಿಯ ಅಂಗೈಗೆ ಹಾಕಿದಳು. ಒಂದು ಬಿಳಿ ಪೆಪ್ಪರ್‌ಮಿಂಟು. ಬಾಯಿಗಿಟ್ಟರೆ, ಅದು ಕರಗುವಷ್ಟರಲ್ಲಿ ಮಗು ಬೆಳಗಿನಿಂದ ಕಂಡಿದ್ದು, ಉಂಡಿದ್ದು, ಅತ್ತಿದ್ದು ಎಲ್ಲ ತನಗೇ ಆದಂತೆ ಆಗಿಹೋಗುತ್ತದೆ. ದಿನವೂ ಸ್ಕೂಟರ್ ಹತ್ತುತ್ತ ಅದನ್ನು ಕಟಕಟ ಅಗಿದು ನುಂಗಿಬಿಡುತ್ತಿದ್ದ ನಳಿನಾಕ್ಷಿ, ಇಂದು ಮಗಳು ಒಂದು ಕಾಲಿನ ಚಪ್ಪಲಿ ಹುಡುಕುತ್ತಿದ್ದುದರಿಂದ ನಿಂತು ನಿಧಾನವಾಗಿ ಚೀಪಿದಳು.

ರಾಗಿ ಮಾಲ್ಟ್ ಅಂಟಿದ ತುಟಿ, ಜಾರುಬಂಡೆಯಲ್ಲಿ ತರಚಿದ ಮೊಣಕೈ, ಗೌರಮ್ಮನ ಮಡಿಲಿನ ನಿದ್ದೆ. ಆಮೇಲೆ ಗೇಟಿನ ಸರಳು ಹಿಡಿದು ಕಾಯುವುದು, ಬಹಳ ಹೊತ್ತು. ಕೊನೆಗೆ ಹಳದಿ ಸೀರೆಯ ಹೆಂಗಸೊಬ್ಬಳು ಬಂದಳು. ನಳಿನಾಕ್ಷಿಯ ಎದೆ ಹಿಗ್ಗಿತು. ನಡುಬೀದಿಯಲ್ಲೇ ಕೈಗಳು ತಾವಾಗಿ ಚಪ್ಪಾಳೆ ತಟ್ಟಿದವು. ಅಲ್ಲಿಗೆ ಪೆಪ್ಪರ್‌ಮಿಂಟು ಮುಗಿಯಿತು.

ಅವಳಿಗೆ ತಲೆಬುಡ ತಿಳಿಯಲಿಲ್ಲ. "ಗೌರಮ್ಮ, ಇದು ಬೇರೆ ಯಾವುದೋ ಮಗುದು. ಅದಲುಬದಲಾಗಿದೆ."

"ಅಯ್ಯೋ ಇಲ್ಲ ಮೇಡಂ, ನಿಮ್ಮ ಪಾಪುದೇ. ಬೇಕಾದ್ರೆ ಮೊಣಕೈ ನೋಡಿ."

ಮೊಣಕೈ ತರಚಿತ್ತು.

"ಹಾಗಾದ್ರೆ ಆ ಹಳದಿ ಸೀರೆಯವರು ಯಾರು?"

"ತನ್ಮಯನ ಅಮ್ಮ ಅಲ್ವಾ? ಈಗ ತಾನೇ ಹೋದ್ರು."

ನಳಿನಾಕ್ಷಿ ಮಗಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಳು. "ಪುಟ್ಟಿ, ಆ ಆಂಟಿ ಬಂದ್ರೆ ನಿಂಗ್ಯಾಕೆ ಅಷ್ಟು ಖುಷಿ?"

ಇಂಚರಾ ಸಿಕ್ಕಿದ ಚಪ್ಪಲಿಯನ್ನು ಇನ್ನೊಂದು ಕಾಲಿಗೆ ತೂರಿಸುತ್ತ ಹೇಳಿದಳು:

"ದಿನಾ ಎಲ್ಲರ ಅಮ್ಮನೂ ಬಂದುಬಿಡ್ತಾರೆ. ಆ ಆಂಟಿನೂ ಬಂದ್ರೆ, ಇನ್ನು ನೀನೊಬ್ಳೇ ಬಾಕಿ."